ಬಂತು, ಬರಲಿಲ್ಲ

ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ತವರಿನವರು, ಗಂಡನ ಮನೆಯವರು, ಓಣಿಯವರು ಮೂರೂ ಕಡೆಯವರು ಜಗಳವಿಲ್ಲದೆ ಒಪ್ಪಿಕೊಂಡಿರುವ ಸಂಗತಿ ಇದೊಂದೇ. ಎಳ್ಳು ನೆನೆಯಬೇಕಾದರೆ ಅಷ್ಟು ಹೊತ್ತಾದರೂ ಬಾಯಿ ಮುಚ್ಚಿಕೊಂಡಿರಬೇಕಲ್ಲ, ಆ ತಾಳ್ಮೆಯನ್ನು ದೇವರು ನನಗೆ ಕೊಡಲಿಲ್ಲ. ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆ ಉಪ್ಪಿಟ್ಟಿನ ತಟ್ಟೆ ಇಡುತ್ತಾ, ಇದು ಅಕ್ಕ ಮಾಡಿದ್ದಲ್ಲ, ಪಕ್ಕದ ಮನೆಯ ಸುಭದ್ರಮ್ಮ ಮಾಡಿದ್ದು ಎಂದು ಹೇಳಿಬಿಟ್ಟವಳು ನಾನು. ಅವರು ಎರಡನೇ ಸಲ ಹಾಕಿಸಿಕೊಂಡು ತಿಂದು ಹೋದರು, ಮತ್ತೆ ಬರಲಿಲ್ಲ. ನಮ್ಮವರು ಮದುವೆಯಾದ ಹೊಸದರಲ್ಲಿಯೇ ನನ್ನನ್ನು ಅಳೆದು ಮುಗಿಸಿದ್ದರು. “ನೀಲಾ, ನಿನಗ ಹೇಳೂದೂ ಒಂದ, ರಾಯಚೂರು ಬಸ್ ಸ್ಟ್ಯಾಂಡಿನ ಮೈಕಿನ್ಯಾಗ ಹೇಳೂದೂ ಒಂದ” ಎಂದಿದ್ದರು. ಅದನ್ನೂ ನಾನು ಅದೇ ದಿನ ಓಣಿಗೆಲ್ಲ ಹೇಳಿಕೊಂಡು ಬಂದೆ.

ಇಂಥ ನನ್ನನ್ನು ಆಫೀಸಿನವರು ಗುಪ್ತ ಪತ್ರಗಳ ಕಾವಲಿಗೆ ಕೂರಿಸಿದರೆಂದರೆ ನೀವು ನಗುತ್ತೀರಿ. ನಗಿ, ನಾನೂ ನಕ್ಕಿದ್ದೆ. ನಮ್ಮದೊಂದು ಸಹಕಾರಿ ಒಕ್ಕೂಟ. ಬೀಜ, ಗೊಬ್ಬರ, ಖಾಲಿ ಚೀಲ, ತಾಡಪತ್ರಿ ಇಂಥವನ್ನು ಸದಸ್ಯರಿಗೆ ಹಂಚುವುದು ಕೆಲಸ. ದೊಡ್ಡ ಆಫೀಸು ರಾಯಚೂರಿನಲ್ಲಿ, ಮರಿ ಆಫೀಸುಗಳು ದೇವದುರ್ಗದಲ್ಲಿ ಮತ್ತು ಮಾನ್ವಿಯಲ್ಲಿ. ಅಧ್ಯಕ್ಷರು ಅಕ್ಕಿ ಗಿರಣಿಯ ಶರಣಪ್ಪ ಸಾಹುಕಾರರು. ಮುಂಜಾನೆ ಹಣೆಗೆ ಹಚ್ಚಿದ ವಿಭೂತಿಯ ಗೆರೆ ಸಂಜೆಗೂ ಕದಡಿರುವುದಿಲ್ಲ, ಅಂಥ ಕಟ್ಟುನಿಟ್ಟಿನ ಮನುಷ್ಯ. ಗೆರೆ ಎಂದರೆ ಅವರಿಗೆ ಗೆರೆಯೇ ಆಗಬೇಕು. ಯಾವುದಾದರೂ ಹೆಸರನ್ನು ಹೊಡೆದುಹಾಕುವಾಗಲೂ ಸ್ಕೇಲು ಇಟ್ಟು, ಹೆಸರಿನ ನಟ್ಟನಡುವೆ, ನೇರವಾಗಿ ಎಳೆಯುತ್ತಾರೆ.

ನಮ್ಮಲ್ಲಿ ಗುಪ್ತ ಪತ್ರಗಳೆಲ್ಲ ಮೊದಲು ಮೊಬೈಲಿನಲ್ಲೇ ಹೋಗುತ್ತಿದ್ದವು. ಒಮ್ಮೆ ಯಾರೋ ಪುಣ್ಯಾತ್ಮರು ಒಂದು ಪತ್ರದ ಮೇಲೆ “ಗುಪ್ತ, ಯಾರಿಗೂ ಕಳಿಸಬಾರದು” ಎಂದು ಬರೆದು ಆಫೀಸಿನ ಗ್ರೂಪಿಗೆ ಹಾಕಿದರು. ಎಲ್ಲರೂ ಆ ಎಚ್ಚರಿಕೆಯನ್ನು ಅಳಿಸದೆ, ಬಹಳ ನಿಷ್ಠೆಯಿಂದ ತಮ್ಮ ತಮ್ಮ ಬೀಗರಿಗೆ ಕಳಿಸಿದರು. ಸಾಹುಕಾರರು ಕೆಂಡವಾದರು. “ಮೊಬೈಲಿನ್ಯಾಗ ಹಾಕಿದ್ದು ಗಾಳ್ಯಾಗ ಹೋಗ್ತದ, ಯಾರರ ಹಿಡೀಬಹುದು. ಫ್ಯಾಕ್ಸ್ ಹಂಗಲ್ಲ. ತಂತಿಯೊಳಗ ಹೋಗ್ತದ, ಬಂದೋಬಸ್ತ್ ಇರ್ತದ” ಎಂದು ಹೇಳಿ, ಮೂರೂ ಆಫೀಸುಗಳ ಕಪಾಟಿನಲ್ಲಿ ಹಲ್ಲಿಮೊಟ್ಟೆಗೆ ಆಸರೆಯಾಗಿದ್ದ ಫ್ಯಾಕ್ಸ್ ಯಂತ್ರಗಳನ್ನು ಹೊರಗೆ ತೆಗೆಸಿದರು. ರಾಯಚೂರಿನ ಯಂತ್ರಕ್ಕೆ ನನ್ನನ್ನೇ ಯಾಕೆ ನೇಮಿಸಿದರೆಂದು ಆಮೇಲೆ ತಿಳಿಯಿತು. “ನೀಲಮ್ಮ ದಿನಾ ಅಷ್ಟು ಮಾತಾಡ್ತಾಳ, ಅದರಾಗ ಖರೇ ಯಾವುದು ಅಂತ ಯಾರಿಗೂ ಗೊತ್ತಾಗಂಗಿಲ್ಲ” ಎಂದಿದ್ದರಂತೆ. ಆದರೂ ಮನಸ್ಸಿನ ಮೂಲೆಯಲ್ಲಿ ಅನುಮಾನವಿತ್ತು. ಅದಕ್ಕೆ ನನ್ನಿಂದ ಆಣೆ ಮಾಡಿಸಿಕೊಂಡರು. ಗುಪ್ತ ವಿಷಯವನ್ನು ಯಾರ ಮುಂದೆಯೂ, ಅದನ್ನು ಓದಿದವರ ಮುಂದೆಯೂ ಕೂಡ ಎತ್ತುವುದಿಲ್ಲ ಎಂದು ಗಂಡನ ಮೇಲೆ ಆಣೆ. ದೇವರ ಮೇಲಿನ ಆಣೆಯಾದರೆ ಒಂದು ತೆಂಗಿನಕಾಯಿ ಒಡೆದು ಮುರಿಯಬಹುದಿತ್ತು. ಗಂಡನ ಮೇಲಿನದನ್ನು ಮುರಿಯಲು ಧೈರ್ಯವಾಗುವುದಿಲ್ಲ.

ಆ ಗಂಡ ಎಲ್ಲಿದ್ದರೆಂದು ಹೇಳಲಿಲ್ಲ. ದೇವದುರ್ಗದ ಆಫೀಸಿನ ಲೆಕ್ಕಿಗರು ನಮ್ಮವರೇ, ಮಲ್ಲಿಕಾರ್ಜುನ. ಮೊದಮೊದಲು ದಿನಾ ಬಸ್ಸಿನಲ್ಲಿ ಹೋಗಿಬಂದು ಮಾಡಿದರು. ಆ ರಸ್ತೆಗೆ ಅವರ ಸೊಂಟ ಒಪ್ಪಲಿಲ್ಲ. ಆಮೇಲೆ ಅಲ್ಲೇ ಒಂದು ಖೋಲಿ ಹಿಡಿದು, ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುವ ನೆಂಟರಾದರು. ಅತ್ತೆ ಮತ್ತು ನಾನು ಇಬ್ಬರೇ ಎದುರುಬದುರು ಕೂತು ಉಣ್ಣುತ್ತಿದ್ದೆವು. ನಮ್ಮವರು ಮನೆಯಲ್ಲಿದ್ದಾಗಲೂ ಏನೂ ಮಾತಾಡುವವರಲ್ಲ. ಆದರೆ ಮಾತಾಡುವ ನನ್ನಂಥವಳಿಗೆ ಕೇಳುವ ಒಂದು ಜೀವ ಬೇಕಲ್ಲ. ಅವರಿಲ್ಲದ ಮನೆ ನನಗೆ ಬೇಸರವಾಗಿತ್ತು, ಇದನ್ನು ಮುಚ್ಚಿಡುವುದೇನು.

ದೇವದುರ್ಗದ ಫ್ಯಾಕ್ಸಿನ ಉಸ್ತುವಾರಿಯೂ ಅವರದೇ ಆಯಿತು. ಹೀಗಾಗಿ ಒಕ್ಕೂಟದ ಘನ ಗಂಭೀರ ರಹಸ್ಯಗಳೆಲ್ಲ ಗಂಡ ಹೆಂಡಿರ ನಡುವೆ ಓಡಾಡತೊಡಗಿದವು. ಫ್ಯಾಕ್ಸ್ ಕಳಿಸುವ ಮೊದಲು ಫೋನು ಮಾಡಬೇಕು, ಆ ಕಡೆಯವರು ಗುಂಡಿ ಒತ್ತಿ ಕುಂಯ್ ಎನ್ನುವ ಟೋನ್ ಕೊಡಬೇಕು. “ಮೇಡಮ್ಮಾರ, ದೇವದುರ್ಗ ಆಫೀಸಿನಿಂದ ಮಾತಾಡಾಕತ್ತೀನ್ರಿ” ಎನ್ನುವರು ಅವರು. “ಟೋನ್ ಕೊಡ್ರಿ ಸರ್” ಎನ್ನುವೆನು ನಾನು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಮೇಡಂ ಎಂದದ್ದು ಆ ತಂತಿಯಲ್ಲಿ ಮಾತ್ರ. ಆ ಸುಖಕ್ಕಾಗಿ ಕೆಲವು ಸಲ ಖಾಲಿ ಹಾಳೆಯನ್ನೂ ಕಳಿಸಿದ್ದೇನೆ.

ಮಾನ್ವಿಯ ಯಂತ್ರ ಚಾಂದ್ ಪಾಷಾ ಎಂಬ ಗುಮಾಸ್ತರ ವಶದಲ್ಲಿತ್ತು. ಬಹಳ ನಂಬಿಗಸ್ತ, ಆದರೆ ಗಂಟಲು ದೊಡ್ಡದು. ಹೋದ ಕಾಗದ ಸರಿಯಾಗಿ ಮೂಡಿದೆಯೋ ಇಲ್ಲವೋ ತಿಳಿಯಲು ಅದನ್ನು ಫೋನಿನಲ್ಲಿ ಓದಿ ಹೇಳುವುದು ಹಳೆಯ ಪದ್ಧತಿ. ಒಮ್ಮೆ ಮಾನ್ವಿಯ ಗೋದಾಮಿಗೆ ದಿಢೀರ್ ತಪಾಸಣೆ ಎಂಬ ಗುಪ್ತ ಪತ್ರ ಕಳಿಸಿದೆ. ಲೈನು ಕರಕರ ಎನ್ನುತ್ತಿತ್ತು. ಚಾಂದ್ ಪಾಷಾ ಎದ್ದು ನಿಂತು, ಕಿಟಕಿಯ ಕಡೆ ಮುಖ ಮಾಡಿ, “ನಾಳೆ ಮುಂಜಾನಿ, ಯಾರಿಗೂ ತಿಳಿಯದಂತೆ, ಗೋದಾಮಿಗೆ ಬರಲಾಗುವುದು, ಕೇಳಿಸ್ತೇನ್ರಿ ಅಕ್ಕಾರ?” ಎಂದು ಕೊನೆಯ ಸಾಲಿನವರೆಗೆ ಕೂಗಿ ಓದಿದರು. ಮರುದಿನ ಸಾಹುಕಾರರು ಕಳ್ಳಹೆಜ್ಜೆಯಲ್ಲಿ ಗೋದಾಮಿಗೆ ಹೋದರೆ, ಬಾಗಿಲಿಗೆ ಮಾವಿನ ತೋರಣ, ನೆಲಕ್ಕೆ ರಂಗೋಲಿ, ಹಮಾಲರ ಕೈಯಲ್ಲಿ ಹಾರ. ಹಾರ ಹಾಕಿಸಿಕೊಂಡು ವಾಪಸು ಬಂದವರೇ ಹೊಸ ಆದೇಶ ಮಾಡಿದರು. ಇನ್ನು ಮುಂದೆ ಗುಪ್ತ ಫ್ಯಾಕ್ಸ್ ಮುಟ್ಟಿದ ಮೇಲೆ ಫೋನಿನಲ್ಲಿ ಎರಡೇ ಮಾತು. ಮುಟ್ಟಿದರೆ “ಬಂತು”, ಮುಟ್ಟದಿದ್ದರೆ “ಬರಲಿಲ್ಲ”. ಮೂರನೇ ಮಾತಾಡಿದವರಿಗೆ ನೋಟಿಸು. ನನ್ನಂತೆಯೇ ನಮ್ಮವರಿಂದಲೂ ಚಾಂದ್ ಪಾಷಾರಿಂದಲೂ ಆಣೆ ಮಾಡಿಸಿದರು.

ಇದರ ನಡುವೆ ದಸರೆ ಬಂತು. ಆಯುಧ ಪೂಜೆಯ ದಿನ ನಮ್ಮ ಆಫೀಸಿನಲ್ಲಿ ಸ್ಟೇಪ್ಲರ್‌ನಿಂದ ಹಿಡಿದು ನೀರಿನ ಫಿಲ್ಟರ್‌ವರೆಗೆ ಎಲ್ಲದಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು. ಫ್ಯಾಕ್ಸ್ ಯಂತ್ರಕ್ಕಂತೂ ಮೈ ತುಂಬ ಅಲಂಕಾರ. ಅದು ಗುಪ್ತ ಯಂತ್ರವಲ್ಲವೇ, ಗುಪ್ತವಾಗಿ ನಾನೂ ಒಂದು ಕೆಲಸ ಮಾಡಿದೆ. ಹಿಂದಿನ ಸೋಮವಾರ ದೇವಸೂಗೂರಿನ ಸೂಗೂರಪ್ಪನ ಗುಡಿಗೆ ಹೋಗಿ, ನಮ್ಮವರು ರಾಯಚೂರಿಗೆ ವರ್ಗವಾಗಿ ಬರಲಿ ಎಂದು ಹರಕೆ ಹೊತ್ತು, ಕುಂಕುಮ ಪ್ರಸಾದ ತಂದಿದ್ದೆ. ವರ್ಗದ ಆದೇಶ ಹೋಗುವುದು ಈ ಯಂತ್ರದಲ್ಲೇ ತಾನೆ. ಮೇಲೆ ಹಚ್ಚಿದರೆ ನಾಲ್ಕು ಜನ ನೋಡಿ ಏನು ಹರಕೆ ಎಂದು ಕೇಳುತ್ತಾರೆ. ಎಲ್ಲರೂ ಮಂಡಕ್ಕಿ ವಗ್ಗರಣಿ, ಮಿರ್ಚಿ ಭಜಿ ತಿನ್ನಲು ಹೋಗಿದ್ದಾಗ ಯಂತ್ರದ ಮುಚ್ಚಳ ತೆಗೆದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಒಳಗಿನ ಗಾಜಿನ ಪಟ್ಟಿಯ ಮೇಲೆ ಒಂದು ಬೊಟ್ಟು ಇಟ್ಟು, ಕಣ್ಣು ಮುಚ್ಚಿ ಕೈ ಮುಗಿದೆ. ಅಲ್ಲಿಂದಲೇ ಅಲ್ಲವೇ ಯಂತ್ರ ಕಾಗದವನ್ನು ನೋಡುವುದು. ನೋಡುವ ಕಣ್ಣಿಗೇ ದೇವರು ಸಿಗಲಿ ಎಂದು ನನ್ನ ಲೆಕ್ಕ.

ಹಬ್ಬ ಕಳೆದ ಮೇಲೆ ಸಾಮಾನು ಒಯ್ಯಲು ಬಂದಿದ್ದ ಚಾಂದ್ ಪಾಷಾ, “ಅಕ್ಕಾರ, ಈಗೀಗ ನಿಮ್ಮ ಕಾಗದದಾಗ ಉದ್ದಕ್ಕ ಒಂದು ಕರಿ ಗೆರಿ ಬರಾಕತ್ತದ” ಎಂದರು. “ನಿಮ್ಮ ಮಷಿನ್ನಿಗೆ ವಯಸ್ಸಾಗ್ಯದ ಚಾಂದ್ ಭಾಯಿ, ಚಂದಂಗ ಒರಸ್ರಿ” ಎಂದೆ. ಅವರು ಪಾಪ, ಒರೆಸಿದರು. ಒರೆಸಬೇಕಾದ ಯಂತ್ರ ನನ್ನ ಬಗಲಲ್ಲೇ ಇತ್ತು.

ದೀಪಾವಳಿ ಹತ್ತಿರ ಬಂದಾಗ, ಒಂದು ಶನಿವಾರ ಮಧ್ಯಾಹ್ನ, ಸಾಹುಕಾರರು ಕರೆದು ವರ್ಗದ ಪಟ್ಟಿ ಕೈಗಿಟ್ಟರು. “ಸೋಮವಾರ ಪೂಜಿ ಆದಮ್ಯಾಲ ಜಾಹೀರ ಮಾಡ್ತೀನಿ. ಅಲ್ಲೀತನ ಗುಪ್ತ. ಎರಡೂ ಕಡೆ ಕಳಿಸು” ಎಂದರು. ಅಲ್ಲೇ ನಿಂತು ಓದಿದೆ. ಮಲ್ಲಿಕಾರ್ಜುನ, ದೇವದುರ್ಗದಿಂದ ರಾಯಚೂರಿಗೆ. ಅದರ ಕೆಳಗಿನ ಸಾಲಿನಲ್ಲಿ ಚಾಂದ್ ಪಾಷಾ, ಮಾನ್ವಿಯಿಂದ ದೇವದುರ್ಗಕ್ಕೆ. ಅವರ ಮನೆ ಇದ್ದದ್ದು ದೇವದುರ್ಗದಾಚೆಯ ಜಾಲಹಳ್ಳಿಯಲ್ಲಿ, ಅವರಿಗೂ ಇದು ಮನೆಗೆ ಮರಳುವ ದಾರಿ. ಪಟ್ಟಿಯಲ್ಲಿ ಖಾನೆಗಳು ಬಹಳ, ಅದಕ್ಕೆ ಅದನ್ನು ಹಾಳೆಯ ಅಡ್ಡಕ್ಕೆ ಟೈಪು ಮಾಡಿದ್ದರು. ಯಂತ್ರದ ಬಾಯಿಗೆ ಅಡ್ಡ ಹಾಳೆ ಹಿಡಿಸುವುದಿಲ್ಲ. ಉದ್ದಕ್ಕೆ ತಿರುಗಿಸಿ ತೂರಿಸಿದೆ. ಮಾನ್ವಿಯಿಂದ “ಬಂತು” ಎಂದು ಕೂಗು ಬಂತು. ದೇವದುರ್ಗದಿಂದ ಬಾವಿಯೊಳಗಿಂದ ಬಂದಂತೆ ಸಣ್ಣ ದನಿ, “ಬಂತು.” ಖುಷಿಗೆ ಗಂಟಲು ಕಟ್ಟಿದೆ ಪಾಪ ಎಂದುಕೊಂಡೆ.

ಸಂಜೆ ಮನೆಗೆ ಬಂದವರ ಮುಖ ನೋಡಿದರೆ ಖುಷಿಯ ಕಳೆ ಒಂದಿಷ್ಟೂ ಇಲ್ಲ. ರವಿವಾರ ನಾನು ಶೇಂಗಾ ಹೋಳಿಗೆ ಮಾಡಿದೆ, ತುಪ್ಪ ಸುರಿದೆ, ಕಪಾಟಿನಲ್ಲಿ ಅವರ ಅಂಗಿಗಳಿಗೆಂದು ಒಂದು ಅಂಕಣ ಖಾಲಿ ಮಾಡಿದೆ, ಹಾಡು ಗುನುಗಿದೆ. ನಾನು ಗುನುಗಿದಷ್ಟೂ ಅವರ ಮುಖ ಗಂಟಾಗುತ್ತಾ ಹೋಯಿತು. ಅತ್ತೆಗೆ ಸಹಿಸಲಾಗಲಿಲ್ಲ. “ಯಾಕೋ ಮಲ್ಲು, ಬಾಯಾಗ ಹೋಳಿಗಿ ಇಟ್ಕೊಂಡು ಬೇವಿನ ಸೊಪ್ಪು ಅಗಿದಂಗ ಮಾಡಾಕತ್ತೀದಿ?”

“ಏನಿಲ್ಲ ಯವ್ವಾ, ಆಫೀಸಿಂದು.”

“ಆಫೀಸಿಂದು ಏನು?”

“ಗುಪ್ತ.”

ಅತ್ತೆ ನನ್ನ ಕಡೆ ತಿರುಗಿದರು. “ನೀ ಯಾಕವ್ವ ಇಷ್ಟು ಕುಣಿಯಾಕತ್ತೀದಿ?”

“ಅದೂ ಗುಪ್ತ ರೀ ಅತ್ತಿ.”

“ಇಬ್ಬರೂ ಕೂಡಿ ನನಗ ಹುಚ್ಚು ಹಿಡಸ್ತೀರಿ” ಎಂದು ಅವರು ತಟ್ಟೆ ಎತ್ತಿಕೊಂಡು ಪಡಸಾಲೆಗೆ ಹೋದರು.

ಇಬ್ಬರೂ ಅದೇ ಪಟ್ಟಿಯನ್ನು ನೋಡಿದವರು. ಇಬ್ಬರೂ ಆಣೆ ಮಾಡಿದವರು. ಕೇಳುವಂತಿಲ್ಲ, ಹೇಳುವಂತಿಲ್ಲ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಗುಂಯ್ ಎನ್ನತೊಡಗಿತು. ಮನೆಗೆ ಬರುವುದು ಇವರಿಗೆ ಬೇಡವಾಗಿದೆಯೇ? ಸಂಜೆ ಚೀಲ ಕಟ್ಟುವಾಗ ಅವರು ನೆಲ ನೋಡುತ್ತಾ, “ಆ ಸಣ್ಣ ಕುಕ್ಕರ್ ಕೊಡು, ದೇವದುರ್ಗಕ್ಕ ಒಯ್ತೀನಿ. ಖಾನಾವಳಿ ಊಟ ಇನ್ನ ಎಷ್ಟು ದಿನ ಉಣ್ಣಲಿ” ಎಂದರು. ರಾಯಚೂರಿಗೆ ಬರುವ ಮನುಷ್ಯನಿಗೆ ದೇವದುರ್ಗದಲ್ಲಿ ಕುಕ್ಕರ್ ಯಾಕೆ? ವರ್ಗ ರದ್ದು ಮಾಡಿಸಿಕೊಳ್ಳುವ ವಿಚಾರವೇ ಇರಬೇಕು. “ಒಯ್ರಿ, ದೊಡ್ಡದನ್ನೂ ಒಯ್ರಿ” ಎಂದೆ. “ನಿನಗ ಖುಷಿ ಆಗ್ಯದಲ್ಲ, ಆತು ಬಿಡು” ಎಂದರು. ಏನು ಮಾತೆಂದು ಆ ಹೊತ್ತಿಗೆ ನನಗೆ ಅರ್ಥವಾಗಲಿಲ್ಲ. ಕುಕ್ಕರನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟೆ. ಸಿಟ್ಟಿಗೆ ಅದರ ಸೀಟಿಯನ್ನು ಮಾತ್ರ ತೆಗೆದಿಟ್ಟುಕೊಂಡೆ. ಸೋಮವಾರ ನಸುಕಿಗೆ ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಜೀವಮಾನದಲ್ಲಿ ಮೊದಲ ಸಲ ಒಂದು ಗುಟ್ಟನ್ನು ನುಂಗಿದ್ದೆ, ಅದು ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಆಫೀಸಿಗೆ ಹೋದರೆ ಬಾಗಿಲಲ್ಲಿ ಚಾಂದ್ ಪಾಷಾ. ಮಾನ್ವಿಯಿಂದ ಮೊದಲ ಬಸ್ಸಿಗೆ ಬಂದಿದ್ದರು. ಫೋನಿನಲ್ಲಿ ಕೇಳುವಂತಿಲ್ಲವಲ್ಲ. ಅಂಗಿಯೊಳಗಿಂದ ಕಾಗದ ತೆಗೆದು, ನನ್ನ ಕೈಗೆ ಕೊಡದೆ, ನನ್ನನ್ನೂ ಕರೆದುಕೊಂಡು ನೇರ ಸಾಹುಕಾರರ ಕೋಣೆಗೆ ನಡೆದರು. ಆಣೆ ಮಾಡಿಸಿಕೊಂಡವರ ಮುಂದೆಯೇ ಆದರೆ ಆಣೆ ಅಡ್ಡ ಬರುವುದಿಲ್ಲ. “ಸಾಹುಕಾರ್ರ, ಮಲ್ಲಣ್ಣಾರ ಹೆಸರು ಹೊಡದೀರಿ. ಅವರು ಅಲ್ಲೇ ಇದ್ದರ ನಾ ಹೋಗಿ ಎಲ್ಲಿ ಕುಂದರಬೇಕ್ರಿ? ಕುರ್ಚಿ ಒಂದ ಅದ” ಎಂದು ಹಾಳೆಯನ್ನು ಮೇಜಿನ ಮೇಲೆ ಹರಡಿದರು.

ನೋಡಿದೆ. ನಮ್ಮವರ ಹೆಸರಿನ ನಟ್ಟನಡುವೆ, ಈ ಅಂಚಿನಿಂದ ಆ ಅಂಚಿನವರೆಗೆ, ಸ್ಕೇಲು ಇಟ್ಟು ಎಳೆದಂತೆ ಒಂದು ಕಪ್ಪು ಗೆರೆ.

ರವಿವಾರದ್ದೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಹೆಸರು ಹೊಡೆದುಹೋದ ಕಾಗದವನ್ನು ಹೆಂಡತಿಯ ಕೈಯಿಂದಲೇ ಪಡೆದ ಮನುಷ್ಯನಿಗೆ ನಾನು ಹೋಳಿಗೆ ಮಾಡಿ, ಹಾಡು ಹೇಳಿ, ಕಪಾಟು ಖಾಲಿ ಮಾಡಿದ್ದೆ. ಅವರ ಅಂಗಿಗಳನ್ನು ಹೊರಗೆ ಹಾಕುತ್ತಿದ್ದೇನೆ ಎಂದುಕೊಂಡಿರಬೇಕು. ನಾಚಿಕೆಯೂ ದುಃಖವೂ ಒಟ್ಟಿಗೆ ಬಂದು, ನನಗೆ ಸಿಟ್ಟು ಬಂತು. “ಏನ್ರೀ ಸಾಹುಕಾರ್ರ, ನನ್ನ ಕೈಯಾಗ ಒಂದು ಕೊಟ್ಟು ಅಲ್ಲಿಗೆ ಒಂದು ಕಳಿಸ್ತೀರೇನ್ರಿ?” ಎಂದೆ.

“ಯವ್ವಾ, ನಾ ಎಲ್ಲಿ ಹೊಡದೀನಿ?” ಎಂದು ಅವರು ಕಪಾಟಿನಿಂದ ಮೂಲ ಪಟ್ಟಿ ತೆಗೆದರು. ಅದರಲ್ಲಿ ಗೆರೆಯ ಸುಳಿವೂ ಇಲ್ಲ. ಮೂವರೂ ಯಂತ್ರದ ಹತ್ತಿರ ಬಂದೆವು. ಚಾಂದ್ ಪಾಷಾ ಮುಚ್ಚಳ ಎತ್ತಿದರು. ಗಾಜಿನ ಪಟ್ಟಿಯ ಮೇಲೆ, ಒಣಗಿ ಗಟ್ಟಿಯಾಗಿ, ಹಣೆಯ ಮೇಲಿದ್ದಷ್ಟೇ ಅಂದವಾಗಿ ಕುಂಕುಮದ ಬೊಟ್ಟು. ಹಾಳೆ ಅದರ ಮೇಲೆ ಜಾರಿದಾಗೆಲ್ಲ ಯಂತ್ರ ಆ ಬೊಟ್ಟನ್ನು ಉದ್ದಕ್ಕೂ ಗೆರೆಯಾಗಿ ಎಳೆಯುತ್ತಿತ್ತು. ಸಾದಾ ಪತ್ರದಲ್ಲಿ ಅದು ಮೇಲಿಂದ ಕೆಳಗೆ ಬರುವ ಗೆರೆ. ಅಡ್ಡ ಟೈಪಾದ ಪಟ್ಟಿಯಲ್ಲಿ ಒಂದು ಸಾಲನ್ನು ಹೊಡೆದುಹಾಕುವ ಗೆರೆ. ಗಂಡನ ಹೆಸರಿನಲ್ಲಿ ಇಟ್ಟ ಕುಂಕುಮ ಗಂಡನ ಹೆಸರಿನ ಮೇಲೆಯೇ ಕೂತಿತ್ತು.

“ದೇವಸೂಗೂರಿಂದು ರೀ” ಎಂದು ತೊದಲಿದೆ. ಒರೆಸೋಣವೆಂದು ಸೆರಗಿನ ತುದಿ ತೆಗೆದುಕೊಂಡೆ. ಸಾಹುಕಾರರು ತಡೆದರು. ಚಪ್ಪಲಿ ಕಳಚಿ ಯಂತ್ರಕ್ಕೆ ಕೈ ಮುಗಿದು ನಿಂತುಬಿಟ್ಟರು. “ದೇವರನ್ನ ಒರಸ್ತಾರೇನು? ನಾ ಬರದಿದ್ದೆ, ಸೂಗೂರಪ್ಪ ಹೊಡದಾನ. ಅವ ಹೊಡದ ಹೆಸರು ನಾ ಹೆಂಗ ಬರೀಲಿ?”

ಇನ್ನು ನಮ್ಮವರಿಗೆ ಆಯುಷ್ಯವೆಲ್ಲ ದೇವದುರ್ಗವೇ ಗತಿ ಎಂದುಕೊಂಡೆ. ಆಗ ಚಾಂದ್ ಪಾಷಾ ಮೆಲ್ಲಗೆ ಗಂಟಲು ಸರಿಪಡಿಸಿಕೊಂಡರು. “ಸಾಹುಕಾರ್ರ, ದೇವರು ಹೆಸರು ಹೊಡೀತಾನೇನ್ರಿ? ಹೊಡಿಯೋದು ಮನಿಷಾರ ಕೆಲಸ. ಅವ ಅಡಿಗೆರಿ ಹಾಕಾಕ ಹೋಗ್ಯಾನ, ಇವನ್ನ ಮರೀಬ್ಯಾಡ್ರಿ ಅಂತ. ಕಾಗದ ಸ್ವಲ್ಪ ಜಾರ್ಯದ, ಅಷ್ಟ.”

ಸಾಹುಕಾರರು ಗಾಜಿನ ಮೇಲೆ ಬಗ್ಗಿ ನೋಡಿ ತೀರ್ಪು ಕೊಟ್ಟರು. ಬೊಟ್ಟು ಹಾಗೆಯೇ ಇರಲಿ. ಪಟ್ಟಿಯನ್ನು ಇನ್ನೊಮ್ಮೆ ದೇವದುರ್ಗಕ್ಕೆ ಕಳಿಸಿ. ಗೆರೆ ಹೆಸರಿನ ಮೇಲೆ ಬಿದ್ದರೆ ಮಲ್ಲಿಕಾರ್ಜುನ ಅಲ್ಲೇ. ಕೆಳಗೆ ಬಿದ್ದರೆ ರಾಯಚೂರಿಗೆ. ಅದಕ್ಕೂ ಕೆಳಗೆ ಹೋದರೆ ಚಾಂದ್ ಪಾಷಾರ ಹೆಸರು ಹೋಗುತ್ತದೆ, ಅದನ್ನು ಅವರು ಹೇಳಲಿಲ್ಲ, ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾನು ಫೋನು ಮಾಡಿದೆ. ಟೋನ್ ಬಂತು. ಸಾಹುಕಾರರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು. ಚಾಂದ್ ಪಾಷಾ ಕಣ್ಣು ಮುಚ್ಚಿ ಅವರ ದೇವರನ್ನು ನೆನೆಯುತ್ತಿದ್ದರು. ಹಾಳೆ ಒಳಗೆ ಹೋಯಿತು.

ಫೋನು ಬಂತು. “ಬಂತು” ಎಂದರು ನಮ್ಮವರು.

ಸಾಹುಕಾರರು ನನ್ನ ಕೈಯಿಂದ ಕಸಿದುಕೊಂಡರು. “ಗೆರಿ ಎಲ್ಲಿ ಬಿದ್ದದ ಹೇಳಪಾ.”

“ಗುಪ್ತ ವಿಷಯ ಫೋನಿನ್ಯಾಗ ಮಾತಾಡಬಾರದಂತ ಆದೇಶ ಅದರಿ.”

“ಆ ಆದೇಶ ಮಾಡಿದವನ ನಾನಪಾ, ಅಧ್ಯಕ್ಷ.”

“ಫೋನಿನ್ಯಾಗ ಯಾರು ಅಧ್ಯಕ್ಷರು ಅಂತ ನನಗ ಹೆಂಗ ಗೊತ್ತಾಗಬೇಕ್ರಿ” ಎಂದು ಆ ಪ್ರಾಮಾಣಿಕ ಜೀವ ಬಾಯಿ ಮುಚ್ಚಿಕೊಂಡಿತು. ಸಾಹುಕಾರರು ಬೈಯಬೇಕೋ ಬೆನ್ನು ತಟ್ಟಬೇಕೋ ತಿಳಿಯದೆ ಫೋನನ್ನು ನನಗೆ ಕೊಟ್ಟರು. ಆಣೆಯಿರುವುದರಿಂದ ಗೆರೆಯ ಮಾತೆತ್ತದೆ “ಹಲೋ” ಎಂದೆ.

“ನೀಲಾ, ಆ ಕುಕ್ಕರ್ ವಾಪಸ್ ತರ್ತೀನಿ. ಸೀಟಿ ಎಲ್ಲಿ ಇಟ್ಟೀದಿ, ಹುಡುಕಿಡು” ಎಂದರು.

ನನಗೆ ಅಳು ತಡೆಯಲಾಗಲಿಲ್ಲ. “ಅಡಿಗೆರಿ ಬಿದ್ದದಂತ್ರಿ” ಎಂದೆ. “ಕುಕ್ಕರ್ ಅಂದಂಗ ಕೇಳಿಸ್ತಲ್ಲ?” ಎಂದರು ಸಾಹುಕಾರರು. “ಅದು ಗುಪ್ತ ಭಾಷಿ ರೀ” ಎಂದೆ. ಅವರು ತೃಪ್ತಿಯಿಂದ ತಲೆಯಾಡಿಸಿ ಆದೇಶಕ್ಕೆ ಸಹಿ ಹಾಕಿದರು.

ಈಗ ನಮ್ಮವರು ಮನೆಯಲ್ಲಿದ್ದಾರೆ. ಎಂದಿನಂತೆ ಮಾತಾಡುವುದಿಲ್ಲ, ಎಂದಿನಂತೆ ನಾನು ಬಿಡುವು ಕೊಡುವುದಿಲ್ಲ. ಚಾಂದ್ ಪಾಷಾ ಜಾಲಹಳ್ಳಿಯಿಂದ ದೇವದುರ್ಗಕ್ಕೆ ದಿನಾ ಹೋಗಿಬರುತ್ತಾರೆ. ಆ ಎರಡನೇ ಫ್ಯಾಕ್ಸಿಗೆ ನಮ್ಮವರು ಕಟ್ಟು ಹಾಕಿಸಿ ದೇವರ ಜಗುಲಿಯ ಮೇಲೆ ಇಟ್ಟಿದ್ದಾರೆ. ಸೂಗೂರಪ್ಪನೇ ತನ್ನ ಹೆಸರಿಗೆ ಅಡಿಗೆರೆ ಎಳೆದಿದ್ದಾನೆಂದು ಪ್ರತಿ ಸೋಮವಾರ ಅದಕ್ಕೆ ಹೂವು ಏರಿಸಿ, ಬಂದವರಿಗೆಲ್ಲ ತೋರಿಸುತ್ತಾರೆ. ನಾನು ಪಕ್ಕದಲ್ಲಿ ನಿಂತು ಕೈ ಮುಗಿಯುತ್ತೇನೆ. ಅವತ್ತು ಸಾಹುಕಾರರೂ ಚಾಂದ್ ಪಾಷಾರೂ ಕಣ್ಣು ಮುಚ್ಚಿದ್ದಾಗ ಹಾಳೆಯನ್ನು ಒಂದು ಎಳ್ಳುಕಾಳಿನಷ್ಟು ಪಕ್ಕಕ್ಕೆ ಸರಿಸಿ ತೂರಿಸಿದವಳು ನಾನು ಎಂಬುದನ್ನು ನಮ್ಮವರಿಗೂ ಹೇಳಿಲ್ಲ, ಸಾಹುಕಾರರಿಗೂ ಹೇಳಿಲ್ಲ. ಆ ಎಳ್ಳುಕಾಳು ಇಷ್ಟು ದಿನ ನನ್ನ ಬಾಯಲ್ಲಿ ಚೆನ್ನಾಗಿಯೇ ನೆನೆಯುತ್ತಿತ್ತು, ನೀವು ಇಷ್ಟು ಹೊತ್ತು ಬಾಯಿ ಮುಚ್ಚಿ ಕೇಳುತ್ತಾ ಕೂತಿರದಿದ್ದರೆ ಇನ್ನೂ ನೆನೆಯುತ್ತಿತ್ತು.